ಬುಟ್ಟಿ ಕೆಳಗಿನ ದೀಪ

...ಅಲ್ಲಲ್ಲ, ಅಲ್ಲಿ ಬೇಡ ಲಾಸ್ತ್ರಿ ಅಕ್ಕಾ! ಗುದ್ದಲಿ ಈ ಕಡೆ ಹಾಕು, ಬೇಲಿ ಕಡೆ. ಮಲ್ಲಿಗೆಗೆ ಇಲ್ಲೇ ಬಿಸಿಲು ಚೆನ್ನಾಗಿ ಬೀಳತ್ತೆ. ಆ ಬುಟ್ಟಿ ಹತ್ರ ಹೋಗ್ಬೇಡ. ಒಳಗೆ ಬಲ್ಬು ಉರೀತಿದೆ, ವೈರು ಬೇರೆ ಹಳೇದು, ಗುದ್ದಲಿ ತಗುಲಿ ಶಾಕ್ ಗೀಕ್ ಹೊಡೆದ್ರೆ... ಯಾಕೆ ನಗ್ತೀಯ? ಹಾಡುಹಗಲಲ್ಲಿ ದೀಪ ಯಾಕೆ ಅಂತನಾ? ನಮ್ಮನೆಯೋರನ್ನ ಕೇಳು. ನಮ್ಮ ಮಗ ಗಲಿಹ್ ಹೋದಾಗಿಂದ ಅದನ್ನ ಆರಿಸೋಕೇ ಬಿಟ್ಟಿಲ್ಲ.

ಬಾ, ಕೂತ್ಕೋ. ಕಾಫಿ ಆರ್ತಿದೆ. ಸೋಯಾಕಾಳಿನ ಟೆಂಪೆ ಕರಿದಿಟ್ಟಿದೀನಿ, ತಿನ್ನು.

ನಿನ್ನ ಮಗಳು ವಿಜಿ ಎಲ್ಲಿ? ಇನ್ನೂ ಬಾವಿ ಹತ್ರಾನೇ ಅಳ್ತಾ ಕೂತಿದ್ದಾಳಾ? ನೀನು ಹಾಗೆಲ್ಲಾ ಬೈಬಾರ್ದಿತ್ತು ಅವಳ್ನ. ಹೂವು ಚೆನ್ನಾಗಿದೆ ಅಂತ ದೇವಕಣಗಿಲೆ ಗಿಡ ತಂದ್ಲು ಪಾಪ. ಅದು ಗೋರಿ ಪಕ್ಕ ನೆಡೋ ಗಿಡ ಅಂತ ಅವಳ ತಲೆಗೆ ಹೊಳೀಲಿಲ್ಲ. ಗಿಡ ನೆಡೋಕೆ ಬಂದೋರೆಲ್ಲ ನನ್ನ ಮುಖಾನೇ ನೋಡ್ತಾ ನಿಂತ್ರಿ. ನಂಗೇನೂ ಅನ್ನಿಸ್ಲಿಲ್ಲ ಅಕ್ಕ. ನಿಜ. ಗೋರಿ ಇಲ್ದೋರ ಮನೇಲಿ ಗೋರಿ ಗಿಡವಾದ್ರೂ ಇರ್ಲಿ ಬಿಡು ಅಂದ್ಕೊಂಡೆ.

ಹಾಗೆ ನೋಡ್ಬೇಡ. ನಂಗೀಗ ಯಾವುದಕ್ಕೂ ಏನೂ ಅನ್ನಿಸಲ್ಲ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ... ಆಮೇಲೆ ಕೆನ್ನೆ ಮುಟ್ಕೊಂಡ್ರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿರತ್ತಲ್ಲ, ಹಾಗೆ. ಸಾರಿಗೆ ಉಪ್ಪು ಹಾಕಿದೀನೋ ಇಲ್ವೋ, ತಿಂದ ಮೇಲೂ ಗೊತ್ತಾಗಲ್ಲ. ದೋಣಿ ಮಗುಚಿತು ಅಂದಾಗ್ಲೂ ನಾನು ಒಲೆ ಆರಿಸಿಯೇ ಓಡಿದ್ದು. ಅದೇ ದೋಣೀಲಿದ್ದ ನನ್ನ ತಮ್ಮನಾದ್ರೂ ಬಂದ, ಹೆಣವಾಗಿ ಬಂದ. ಗಲಿಹ್ ಹಾಗೂ ಬರ್ಲಿಲ್ಲ. ಮಸೀದೀಲಿ ಹೆಣ ಇಲ್ದೇನೇ ನಮಾಜು ಮಾಡಿದ್ರು. ಅಷ್ಟು ಜನ ಸಾಲಾಗಿ ನಿಂತಿದ್ರು, ಎದುರಿಗೆ ಏನೂ ಇಲ್ಲ.

ಗಲಿಹ್ ನೆನಪಿಗೆ ಇಲ್ಲಿ ತೋಟ ಮಾಡೋದು ನನ್ನ ಹಟ ಅಲ್ಲ ಅಕ್ಕ. ಇವ್ರದ್ದು. "ಸಮುದ್ರ ಅವನನ್ನ ಪೂರ್ತಿ ತಗೊಂಡಿಲ್ಲ ಸರ್ಮಿ, ಅವನ ತಮ್ಮ ನಮ್ಮ ಹಿತ್ತಲಲ್ಲೇ ಇದ್ದಾನಲ್ಲ" ಅಂದ್ರು. ಎಲ್ರ ಮನೆ ಮಗೂಗೂ ಜೊತೇಲಿ ಹುಟ್ಟಿದ ಮಾಸೇ ತಮ್ಮ, ಅದು ಸರಿ... ಆದ್ರೆ ಇವ್ರು ಸಂಜೆ ಇಲ್ಲಿ ಬಂದು ಕೂತು ಮಾತಾಡ್ತಾರೆ ಅಕ್ಕ. "ಊಟ ಆಯ್ತೇನೋ" ಅಂತಾರೆ. ಆಮೇಲೆ ಒಳಗೆ ಬಂದು ನೆಮ್ಮದಿಯಾಗಿ ಮಲಗ್ತಾರೆ.

ನೆನಪಿದ್ಯಾ ನಿಂಗೆ? ಮಾಸನ್ನ ಇವ್ರೇ ತೊಳೆದು ಮಡಕೇಲಿಟ್ರು. ಉಪ್ಪು, ಸೂಜಿ, ದಾರ... ಮಗ ಓದ್ಲಿ ಅಂತ ಒಂದು ಪೆನ್ಸಿಲೂ ಹಾಕಿದ್ರು. ಜೋಲಿ ಕಟ್ಕೊಂಡು ಮಗೂನ ಎತ್ಕೊಂಡ ಹಾಗೇ ಎತ್ಕೊಂಡು ಬಂದು, ಇಲ್ಲೇ ಹೂತು, ಮೇಲೆ ದೀಪ ಇಟ್ಟು ಬುಟ್ಟಿ ಮುಚ್ಚಿದ್ರು. ನೀನು ಪಕ್ಕದಲ್ಲಿ ಕೊಡೆ ಹಿಡ್ಕೊಂಡು! "ಹೆತ್ತು ಸುಸ್ತಾಗಿರೋಳು ಅವಳು, ಕೊಡೆ ಮಾತ್ರ ಗಂಡ ಕಾಸ್ದಿಗೆ" ಅಂತ ನೀನು ಇವ್ರನ್ನ ರೇಗಿಸಿದ್ದೆ. ನಾನು ಕಿಟಕೀಲಿ ನೋಡ್ತಾ ನಕ್ಕು ನಕ್ಕು, ಹೊಟ್ಟೆ ನೋವು ಬಂದು...

ಆ ಕೊಡೆನಾ? ಇದೆ. ಬಾಗಿಲ ಹಿಂದೇನೇ ನೇತು ಹಾಕಿದೀನಿ. ಯಾಕೆ ಅದನ್ನೇ ನೋಡ್ತೀಯ?

ಓ... ಆ ಶುಕ್ರವಾರದ್ದಾ. ಗಂಡಸರೆಲ್ಲ ಮಸೀದಿಗೆ ಹೋಗಿದ್ರಲ್ಲ, ನೀನು ಮೀನು ಒಣಗಿಸ್ತಾ ಕೂಗಿದೆ, "ಏನೇ ಸರ್ಮಿ, ಕೊಡೆ ಬೇರೆ! ಜೋಲೀಲಿ ಏನೇ ಅದು?" ಅಂತ. ಅಮ್ಮನ ಮನೆಗೆ ಅಕ್ಕಿ ಅಂದೆನಲ್ಲ. ಅಕ್ಕೀನೇ. ಬಿಸಿಲಿತ್ತು, ಕೊಡೆ ಹಿಡಿದೆ. ಅಷ್ಟೇ.

ಎಲ್ಲಿಗೆ ಎದ್ದೆ? ಕಾಫಿ ಅರ್ಧಕ್ಕೇ ಬಿಟ್ಟೆ... ಅಕ್ಕಾ, ಬುಟ್ಟಿ ಯಾಕೆ ಎತ್ತಿದೆ? ಇವ್ರು ತರೋಕೆ ಹೋಗಿರೋದು ಗಲಿಹ್ ಹೆಸರಿನ ಕಲ್ಲು ತಾನೇ, ಮೇಲೆ ಇಟ್ರೆ ಸಾಕು. ಅಗೀಬೇಡ. ಯಾರು ಹೇಳಿದ್ದು? ಇವ್ರಾ? ಮಡಕೆ ಎಲ್ಲಿದೆ ನೋಡ್ಕೊಂಡು ಸರಿಯಾಗಿ ಅದರ ಪಕ್ಕಕ್ಕೇ ಕಲ್ಲು ನಿಲ್ಲಿಸಬೇಕು ಅಂದ್ರಾ?

ನಾನೇ ಅಗೀತೀನಿ, ಕೊಡಿಲ್ಲಿ. ಕೊಡು ಅಂದೆ! ...ಸರಿ. ನಿಧಾನ ಹಾಗಾದ್ರೆ. ಮಣ್ಣು ಮೆತ್ತಗಿದೆ ಅಲ್ವಾ? ನಿನ್ನೆ ನೀರು ಹಾಕಿದ್ದೆ. ಹಾಳು ಕೋಳಿಗಳೂ ಕೆದರ್ತಾವೆ ಇಲ್ಲಿ... ಮೇಲೆ ಚಪ್ಪಡಿ ಇತ್ತಾ? ಇತ್ತೇನೋ. ನಂಗೆ ನೆನಪಿಲ್ಲ. ನೀನೇ ಮುಚ್ಚಿದ್ದಾ? ನೀನೇ ಇರಬೇಕು. ಇನ್ನೂ ಎಷ್ಟು ಅಗೀತೀಯ? ಸಾಕು. ಅಕ್ಕಾ, ಸಾಕು. ಮೊಣಕೈವರೆಗೆ ಹೋಯ್ತಲ್ಲ, ಸಾಕು ಬಿಡು...

ಏನಾದ್ರೂ ಅನ್ನು.

ಅಕ್ಕಾ. ಬೈಯಿ. ವಿಜಿಗೆ ಬೈದ ಹಾಗೆ ಬೈಯಿ.

...ಅಕ್ಕಿ ಅಲ್ಲ ಅದು.

ಆ ಶುಕ್ರವಾರ ಮಡಕೆ ನಾನೇ ತೆಗೆದೆ. ಸೌಟಲ್ಲಿ ಅಗೆದೆ ಅಕ್ಕ. ಗುದ್ದಲಿ ಹಾಕಿದ್ರೆ ಮಡಕೆ ಒಡೀತಿತ್ತು. ಒಳಗೇನಿತ್ತು, ಒಂದು ಹಿಡಿ ಕಪ್ಪು ಮಣ್ಣು. ಸೂಜಿ ಪೂರ್ತಿ ತುಕ್ಕು. ಪೆನ್ಸಿಲ್ ಮಾತ್ರ ಹಾಗೇ ಇತ್ತು. ಅದೇ ಜೋಲೀಲಿ ಕಟ್ಕೊಂಡೆ. ಬಿಸಿಲಲ್ಲಿ ಬರೀತಲೇಲಿ ಹೇಗೆ ಕರ್ಕೊಂಡು ಹೋಗೋದು ಅಂತ ಕೊಡೆ ಹಿಡಿದೆ. ಸಮುದ್ರದಲ್ಲಿ ಸೊಂಟದ ಮಟ್ಟ ನೀರಿಗಿಳಿದು ಮಡಕೇನ ಬಿಟ್ಟೆ. ಮುಳುಗ್ಲಿಲ್ಲ ಅದು, ತೇಲ್ತು. ಸ್ವಲ್ಪ ದೂರ ಹೋಗಿ ಹಿಂದೆ ಬಂತು ಅಕ್ಕ, ಬಂದು ನನ್ನ ಹೊಟ್ಟೆಗೆ ತಗುಲ್ತು. ನಾನು ತಳ್ಳಿದೆ. "ಹೋಗೋ, ಅಣ್ಣ ಎಲ್ಲಿದ್ದಾನೆ ನೋಡು. ಕತ್ತಲೆ ಅಂದ್ರೆ ಹೆದರ್ತಾನೆ ಅವನು. ಅಮ್ಮ ಕರೀತಿದ್ದಾಳೆ ಅಂತ ಹೇಳಿ ಕರ್ಕೊಂಡು ಬಾ" ಅಂತ ತಳ್ಳಿದೆ.

ಬಂದಿಲ್ಲ.

ಈಗ ಇಬ್ರೂ ಬಂದಿಲ್ಲ ಅಕ್ಕ.

ಹೇಗೆ ಹೇಳ್ಲಿ ಇವ್ರಿಗೆ? ಇವ್ರು ಬದುಕಿರೋದೇ ಈ ಬಲ್ಬಿನ ಮೇಲೆ. ದಿನಾ ಸಂಜೆ ಇಲ್ಲಿ ಬರೀ ಮಣ್ಣಿನ ಹತ್ರ ಮಾತಾಡಿ ಬರ್ತಾರೆ, ನಾನು ಅನ್ನ ಬಡಿಸ್ತೀನಿ. "ಚೆನ್ನಾಗಿದ್ದಾನೆ" ಅಂತಾರೆ, ನಾನು ಹೂಂ ಅಂತೀನಿ. ಕೇಳಿಲ್ಲಿ, ಮುಚ್ಚಿಬಿಡೋಣ. ನೀನೊಂದು ಕಡೆಯಿಂದ, ನಾನೊಂದು ಕಡೆಯಿಂದ. ಮಡಕೆ ಸಿಕ್ತು ಅಂತ ನೀನು ಒಂದು ಮಾತು ಅಂದ್ರೆ ಸಾಕು, ನೀನಂದ್ರೆ ನಂಬ್ತಾರೆ. ಕೊಡೆ ಹಿಡಿದೋಳು ನೀನು.

ಗಾಡಿ ಸದ್ದು. ಬಂದ್ರು. ಮಣ್ಣು ಎಳಿ, ಬೇಗ... ಅಕ್ಕಾ, ಕೈ ಆಡಿಸು! ಯಾಕೆ ಹೀಗೆ ನಿಂತೆ?

ಬಂದ್ರಾ ರೀ? ಅಯ್ಯೋ, ಅಷ್ಟು ದೊಡ್ಡ ಕಲ್ಲನ್ನ ಒಬ್ರೇ ಎತ್ಕೊಂಡು ಬಂದ್ರಾ? ಗಾಡಿ ಓಡಿಸೋ ಟುಮಿನ್ ಕೈಲೊಂದು ಕಡೆ ಹಿಡಿಸಬಾರದಿತ್ತಾ? ಹೆಸರು ಚೆನ್ನಾಗಿ ಕೆತ್ತಿದ್ದಾರೆ... ಹೂಂ, ಅಗೆದ್ವಿ. ಮಡಕೆನಾ? ಇದೆ. ಇಲ್ಲೇ ಇದೆ. ಮತ್ತೆ ಮುಚ್ತಾ ಇದ್ವಿ. ಅಕ್ಕ ನೋಡಿದ್ಲು, ಅವಳ್ನೇ ಕೇಳಿ. ಅಲ್ವಾ ಅಕ್ಕ?

ಅಕ್ಕ, ಕೇಳ್ತಿದ್ದಾರೆ ನೋಡು. ಇದೆ ತಾನೇ?

ಹೂಂ ಅನ್ನು ಅಕ್ಕ.

...ಅವಳಿಗೆ ಬಿಸಿಲು ಹೊಡೆದಿದೆ ರೀ, ಅದಕ್ಕೇ ಮಾತಾಡ್ತಿಲ್ಲ. ಅವಳ ಮುಖ ಹಾಗೆ ನೋಡ್ಬೇಡಿ. ನನ್ನ ನೋಡಿ. ಇಲ್ಲೇ ಇದ್ದಾನೆ ಅಂದೆನಲ್ಲ... ರೀ... ಕಲ್ಲು ಯಾಕೆ ಅಲ್ಲೇ ಕೆಳಗಿಟ್ರಿ?