ಲೋರ್ಕಾನ್ ಕಂಡ ಚೆಂಡು

ಅಧ್ಯಕ್ಷತೆ ವಹಿಸಿರುವ ಪೂಜ್ಯ ಫಾದರ್ ಕೋಲ್ಗನ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕಿಲ್‌ಬ್ರಾನದ ನನ್ನ ಸಭಿಕ ಬಂಧುಗಳೇ,

ಊರಿನ ಹೊಸ ಮೈದಾನಕ್ಕೆ ಫಿಂಟನ್ ಗಾರ್ವಿ ಎಂದು ನನ್ನ ಹೆಸರಿಡುತ್ತಿದ್ದೀರಿ. ಸಾಯುವ ಮುಂಚೆಯೇ ಇಷ್ಟೊಂದು ಹೊಗಳಿಸಿಕೊಂಡವನು ಈ ಊರಲ್ಲಿ ನಾನೊಬ್ಬನೇ ಇರಬೇಕು.

ನಮ್ಮ ನಾಡಿನ ಫುಟ್‌ಬಾಲನ್ನು ನೀವೀಗ ತಂಡಕ್ಕೆ ಹದಿನೈದು ಜನ ಆಡುತ್ತೀರಿ. ಚಾಂಪಿಯನ್‌ಷಿಪ್ ಶುರುವಾದ ಹೊಸತರಲ್ಲಿ, ಹದಿನೆಂಟುನೂರ ಎಂಬತ್ತೊಂಬತ್ತನೇ ಇಸವಿಯಲ್ಲಿ, ನಾವು ಇಪ್ಪತ್ತೊಂದು ಜನ. ಚೆಂಡು ಸಿಗದವನಿಗೆ ಎದುರಾಳಿಯ ಕುತ್ತಿಗೆಯಾದರೂ ಸಿಗುತ್ತಿತ್ತು. ಗೋಲಿಗೆ ಬಲೆ ಎಲ್ಲಿತ್ತು? ಅಂಪೈರನ ಕಣ್ಣೇ ಬಲೆ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಬರೀ ಪಾಯಿಂಟು, ಕೆಳಗಿಂದ ಹೋದರೆ ಗೋಲು; ಒಂದು ಗೋಲು ಬಿತ್ತೆಂದರೆ ಎದುರಿನವರ ಪಾಯಿಂಟು ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಆ ವರ್ಷದ ಕೌಂಟಿ ಫೈನಲ್. ಪಕ್ಕದೂರು ಬಾಲಿಡೂನಿನವರದು ಆರು ಪಾಯಿಂಟು, ನಮ್ಮದು ಸೊನ್ನೆ. ಕೊನೆಯ ನಿಮಿಷದಲ್ಲಿ ನಾನು ಒದ್ದೆ. ಗೋಲು ಗೋಲು ಎಂದು ಊರಿಗೆ ಊರೇ ಕುಣಿಯಿತು. ಗೋಲುಕಂಬದ ಪಕ್ಕ ಅಂಪೈರಾಗಿ ನಿಂತಿದ್ದವನು ನಮ್ಮೂರ ಕಮ್ಮಾರ ಲೋರ್ಕಾನ್ ಟೂಹಿ. ಅವನು ಇಲ್ಲವೆಂದು ತಲೆಯಾಡಿಸಿದ.

ನಮ್ಮ ಕ್ಯಾಪ್ಟನ್ ಅವನ ಕೊರಳಪಟ್ಟಿ ಹಿಡಿದ. “ಏನೋ, ನೀನು ನಮ್ಮೂರವನೇ ತಾನೇ?”

“ನಮ್ಮೂರವನೇ ಕಣೋ. ಚೆಂಡು ಕಂಬದ ಹೊರಗೆ ಹೋಯ್ತು, ನಾನೇನ್ ಮಾಡ್ಲಿ? ಬೇಕಾದ್ರೆ ಒದ್ದವನನ್ನೇ ಕೇಳು.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಬಗ್ಗಿ ಬೂಟಿನ ದಾರ ಕಟ್ಟತೊಡಗಿದೆ. ದಾರ ಬಿಚ್ಚಿಯೇ ಇರಲಿಲ್ಲ.

ಆಮೇಲೆ ಏನಾಯಿತು? ಫೈನಲ್ ಸೋತೆವು. ಹಿಂದೆ ಗೇಣಿಗಾಗಿ ನಮ್ಮನ್ನು ಕಾಡಿದ ಜಮೀನ್ದಾರನ ಏಜೆಂಟನಿಗೆ ಹಾಕಿದ್ದ ಬಹಿಷ್ಕಾರವನ್ನೇ ನಾವು ಲೋರ್ಕಾನನಿಗೂ ಹಾಕಿದೆವು. ಅವನ ಕುಲುಮೆಗೆ ಯಾರೂ ಕುದುರೆ ಹೊಡೆದುಕೊಂಡು ಹೋಗಲಿಲ್ಲ. ನಾನೂ ಮೂರು ಮೈಲಿ ನಡೆದು ಬೇರೆ ಊರಿನಲ್ಲಿ ಲಾಳ ಕಟ್ಟಿಸಿದೆ. ಕುಲುಮೆ ಮುಚ್ಚಿತು, ಅವನು ರಸ್ತೆಬದಿಯಲ್ಲಿ ಜಲ್ಲಿ ಒಡೆದ. ಹೋದ ವರ್ಷ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರು ಯಾರು? ಬಾಲಿಡೂನಿನ ನಾಲ್ಕು ಮುದುಕರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವನ ಹೆಂಡತಿ ನೋರಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಒಮ್ಮೆ ಚರ್ಚಿನ ಬಾಗಿಲಲ್ಲಿ ನನ್ನನ್ನು ತಡೆದು, “ನೀನೊಂದು ಮಾತು ಹೇಳಿದ್ರೆ ಸಾಕಿತ್ತಲ್ಲಪ್ಪಾ” ಅಂದಿದ್ದಳು. ನಾನು ಟೋಪಿ ಸರಿಮಾಡಿಕೊಂಡು ಹೊರಟುಹೋಗಿದ್ದೆ.

ನೋರಕ್ಕ, ಆ ಮಾತು ಈಗ ಹೇಳುತ್ತೇನೆ, ಎಲ್ಲರೂ ಕೇಳಲಿ. ಚೆಂಡು ಹೊರಗೇ ಹೋಯಿತು. ನಾನು ಕಣ್ಣಾರೆ ಕಂಡಿದ್ದೆ.

ಫಾದರ್, ಮೈದಾನದ ಹೆಸರಿನ ಫಲಕದ ಬಣ್ಣ ಇನ್ನೂ ಹಸಿ ಇದೆ, ಬರುವಾಗ ಮುಟ್ಟಿ ನೋಡಿದೆ. ನನ್ನ ಹೆಸರು ಒರೆಸಿ ಅವನದು ಬರೆಸಿ.

ನಲವತ್ತೈದು ವರ್ಷ ತಡವಾಗಿ ಬಾಯಿಬಿಟ್ಟವನ ಮಾತು ಕೇಳಿದಿರಿ, ಧನ್ಯವಾದ. ಮೊದಲು ನೋರಕ್ಕನಿಗೆ, ಆಮೇಲೆ ನಿಮಗೆಲ್ಲ, ನಮಸ್ಕಾರ.