ಹೆಚ್ಚಾಗ್ಯಾವ ಅಂದರೆ

ಮಾನ್ಯ ಅಧ್ಯಕ್ಷರೇ, ಬೆಳಗಾವಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಹನ್ನೆರಡು ದಿನ ಕಂಪ್ಯೂಟರ್ ಮುಂದೆ ಕುಳಿತು ಕಣ್ಣು ಕೆಂಪು ಮಾಡಿಕೊಂಡ ಸಂಶೋಧನಾ ವಿದ್ಯಾರ್ಥಿಗಳೇ, ಹಿಂದಿನ ಸಾಲಿನ ಆಶಾ ಕಾರ್ಯಕರ್ತೆಯರೇ, ಊಟ ತಡವಾಯಿತೆಂದು ಆಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ, ತಮಗೆಲ್ಲ ಶರಣು.

ಜೈವಿಕ ಮಾಹಿತಿ ಮತ್ತು ಆರೋಗ್ಯ ದತ್ತಾಂಶ ವಿಶ್ಲೇಷಣೆಯ ಈ ತರಬೇತಿಯ ಸಮಾರೋಪದಲ್ಲಿ, ಸಂಯೋಜಕಿಯಾದ ನಾನು ಐದು ನಿಮಿಷ ವಂದನಾರ್ಪಣೆ ಮಾಡಬೇಕೆಂದು ಕಾರ್ಯಕ್ರಮ ಪತ್ರಿಕೆಯಲ್ಲಿದೆ. “ರಂಜನಾ ಮೇಡಂ, ಎಲ್ಲಾರ ಹೆಸರ ತಗೋರಿ, ಯಾರನ್ನೂ ಬಿಡಬ್ಯಾಡ್ರಿ” ಎಂದು ಅಧ್ಯಕ್ಷರು ಮೆಟ್ಟಿಲ ಮೇಲೆಯೇ ಎಚ್ಚರಿಸಿದ್ದಾರೆ. ಇಲ್ಲ ಸರ್, ಇವತ್ತು ಯಾರನ್ನೂ ಬಿಡುವುದಿಲ್ಲ.

ನಿನ್ನೆ ಮಧ್ಯಾಹ್ನ ಇದೇ ಸಭಾಂಗಣದಲ್ಲಿ ಏನಾಯಿತು? ನಮ್ಮ ಜಾಣ ವಿದ್ಯಾರ್ಥಿನಿ ಐಶ್ವರ್ಯಾ ತಮ್ಮ ತಂಡದ ವರದಿ ಮಂಡಿಸಿದರು. ಉಗರಗೋಳದ ಗರ್ಭಿಣಿಯರ ಮನೆಗಳಿಗೆ ಹೋಗಿ ಆಶಾ ಕಾರ್ಯಕರ್ತೆಯರು ಆರು ತಿಂಗಳು ಫೋನಿನಲ್ಲಿ ಬರೆದು ಕಳಿಸಿದ ಟಿಪ್ಪಣಿಗಳನ್ನು ಕಂಪ್ಯೂಟರ್ ಓದಿ ವಿಂಗಡಿಸಿತ್ತು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದು ನಿಂತವು. ಅರವತ್ತೊಂದು ಮನೆಗಳಲ್ಲಿ ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ ಬೇಕಾದುದಕ್ಕಿಂತ ಹೆಚ್ಚಿದೆಯಂತೆ, ಆದರೂ ಆ ಹೆಂಗಸರ ಮೈಯಲ್ಲಿ ರಕ್ತವಿಲ್ಲವಂತೆ. ಕಾರಣ? ತಾಯಂದಿರ ನಿರ್ಲಕ್ಷ್ಯ! ಚಪ್ಪಾಳೆ ಬಿತ್ತು. “ನಮ್ಮ ಹೆಣ್ಣಮಕ್ಕಳು ಗುಳಿಗಿ ಡಬ್ಬಿ ಪೂಜಾ ಮಾಡ್ತಾರ, ನುಂಗೂದಿಲ್ಲ” ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಚಟಾಕಿ ಹಾರಿಸಿದರು. ಎಲ್ಲರೂ ನಕ್ಕಿರಿ. ನಾನೂ ನಕ್ಕಿರಬೇಕು, ಫೋಟೋದಲ್ಲಿ ಹಲ್ಲು ಕಾಣುತ್ತಿದೆ.

ಆಗ ಹಿಂದಿನಿಂದ ಉಗರಗೋಳದ ಆಶಾ ಕಾರ್ಯಕರ್ತೆ ಕೃಷ್ಣವ್ವ ಎದ್ದು ನಿಂತರು. “ಅಕ್ಕಾರ, ಹೆಚ್ಚಾಗ್ಯಾವ ಅಂದ್ರ ತೀರ್ಯಾವ್ರಿ. ಗುಳಿಗಿ ತೀರಿದ್ದಕ್ಕ ಹೆಚ್ಚಾಗ್ಯಾವ ಅಂತ ಬರದೇನ್ರಿ ನಾ.” ನಾವು ಏನು ಮಾಡಿದೆವು? “ಕುಂದರ್ರಿ ಬಾಯಿ, ಪ್ರಶ್ನಿ ಕೇಳೂದು ವಿದ್ಯಾರ್ಥಿಗಳಿಗೆ ಅಷ್ಟ ಐತಿ, ಚಾ ಆರಾಕ ಹತ್ತೇತಿ” ಎಂದರು ನಿರೂಪಕರು. ನಾವೆಲ್ಲ ಚಹಾಕ್ಕೆ ಎದ್ದೆವು. ಆ ಹೆಂಗಸು ಇನ್ನೂ ನಿಂತೇ ಇದ್ದರು.

ಬೇರೆ ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾಗಿದೆ, ಅರಿಷಿಣ ತೀರಿದರೆ ಅರಿಷಿಣ ಹೆಚ್ಚಾಗಿದೆ. ಮುಗಿಯಿತು ಎಂದರೆ ಮನೆತನವೇ ಮುಗಿದೀತೆಂಬ ಅಂಜಿಕೆ. ಬಸುರಿ ಹೆಣ್ಣುಮಗಳಿರುವ ಮನೆಯಲ್ಲಂತೂ ಆ ಮಾತು ಬಾಯಿಂದ ಬೀಳುವಂತೆಯೇ ಇಲ್ಲ. ಚಿಕ್ಕವಳಿದ್ದಾಗ ಒಮ್ಮೆ ನಾನು ಅಡುಗೆಮನೆಯಿಂದ “ಎಣ್ಣಿ ಮುಗದೈತಿ” ಎಂದು ಕೂಗಿದೆ. ನಮ್ಮವ್ವ ತಂಗೆವ್ವ ಸಾರಿನ ಹುಟ್ಟು ಹಿಡಿದುಕೊಂಡೇ ಬಂದಳು. “ನಿನ್ನ ಬಾಯಾಗ ಹುಳಾ ಬೀಳ್ಲಿ, ಹೆಚ್ಚಾಗೇತಿ ಅನ್ನು!” ಬೆನ್ನಿಗೆ ಒಂದು ಬಿತ್ತು. ಹೌದು, ನಾನು ಉಗರಗೋಳದವಳೇ.

ಮೊದಲ ಆರು ದಿನ ಈ ತರಬೇತಿಯಲ್ಲಿ ನಾವು ಕಲಿಸಿದ್ದೇನು? ವಂಶವಾಹಿಯ ಕೋಟಿ ಕೋಟಿ ಅಕ್ಷರಗಳ ನಡುವೆ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ದುಂಡಗಿನ ರಕ್ತಕಣ ಕುಡಗೋಲಿನ ಹಾಗೆ ಬಾಗುತ್ತದೆ ಎಂದು ಕಲಿಸಿದೆವು. ಆ ಒಂದು ಅಕ್ಷರಕ್ಕಾಗಿ ನೀವು ಮೂರು ದಿನ ಹುಡುಕಾಡಿದಿರಿ. ಭೇಷ್! ಎಲ್ಲಿಯದೋ ದೇಶದ, ಹೆಸರೂ ಗೊತ್ತಿಲ್ಲದ ಮನುಷ್ಯನ ರಕ್ತದ ಅಕ್ಷರ ಅದು. ಉಗರಗೋಳ ಇಲ್ಲಿಂದ ಎರಡು ಬಸ್ಸಿನ ದಾರಿ. ಇಪ್ಪತ್ತನಾಲ್ಕು ಜನ ಸಂಶೋಧಕರಲ್ಲಿ ಒಬ್ಬರಾದರೂ ಹೋದಿರಾ? ಒಂದಾದರೂ ಡಬ್ಬಿಯ ಮುಚ್ಚಳ ತೆಗೆದು ನೋಡಿದಿರಾ? ಗುಳಿಗೆ ಹೆಚ್ಚು, ರಕ್ತ ಕಡಿಮೆ ಎಂದು ಬಂದಾಗ, ಇದು ಹೇಗೆ ಸಾಧ್ಯ ಎಂದು ಯಾರ ತಲೆಗೂ ಹೊಳೆಯಲಿಲ್ಲವೇ? ಹೆಂಗಸರು ನಿರ್ಲಕ್ಷ್ಯದವರು ಎನ್ನುವುದು ಅಷ್ಟು ಸಲೀಸಾಗಿ ಹೊಳೆಯಿತು ನೋಡಿ! ನನಗೆ ಸಿಟ್ಟು ಬಂದಿದೆ. ಮೈ ಉರಿಯುತ್ತಿದೆ.

ಐಶ್ವರ್ಯಾ, ತಲೆ ತಗ್ಗಿಸಬೇಡಿ. ನಿನ್ನೆ ಸಂಜೆ ನನ್ನ ಕೋಣೆಗೆ ಬಂದು “ಮೇಡಂ, ಯಾವ ಮಾತಿಗೆ ಯಾವ ಅರ್ಥ ಅಂತ ಕಂಪ್ಯೂಟರಿಗೆ ಹೇಳೋ ಆ ಪದಪಟ್ಟಿ ಯಾರು ಮಾಡ್ಯಾರ್ರಿ?” ಎಂದು ಕೇಳಿದವರು ನೀವೊಬ್ಬರೇ. ನಾನು ಏನೆಂದೆ? “ಅದು ಮೊದಲಿಂದನೂ ಐತಿ” ಎಂದೆ. ಮೊದಲಿನಿಂದ ಇರಲು ಅದೇನು ಯಲ್ಲಮ್ಮನ ಗುಡ್ಡವೇ? ನಾನೇ ಮಾಡಿದ್ದು. ಹೋದ ವರ್ಷ ಒಂದು ತಿಂಗಳು ಕುಳಿತು, ಒಂದೊಂದೇ ಮಾತಿಗೆ ಅರ್ಥ ಬರೆದೆ. ‘ಹೆಚ್ಚಾಗ್ಯಾವ’ ಎಂಬಲ್ಲಿಗೆ ಬಂದಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಧಾರವಾಡದಲ್ಲಿ ಓದುವಾಗ ಒಮ್ಮೆ ಉಪ್ಪು ತೀರಿದಾಗ ಗೆಳತಿಯರೆದುರು “ಉಪ್ಪು ಹೆಚ್ಚಾಗೇತಿ” ಎಂದಿದ್ದಕ್ಕೆ ಇಡೀ ವಸತಿ ನಿಲಯ ಒಂದು ವಾರ ನಕ್ಕಿತ್ತು. ದೊಡ್ಡ ದೊಡ್ಡ ವಿದ್ವಾಂಸರು ನೋಡುವ ಪಟ್ಟಿಯಲ್ಲಿ ಅಡುಗೆಮನೆಯ ಅರ್ಥ ಯಾಕೆ ಎಂದುಕೊಂಡೆ. ‘ಹೆಚ್ಚುವರಿ ದಾಸ್ತಾನು ಇದೆ’ ಎಂದು ಬರೆದೆ.

ಅದೇ ಪಟ್ಟಿ ಹಿಡಿದು ನಾಲ್ಕು ತಿಂಗಳ ಹಿಂದೆ ನಾನು ಮೊದಲ ವರದಿ ಕಳಿಸಿದೆ. ಗುಳಿಗೆ ಹಂಚುವವರು ಅದನ್ನು ನಂಬಿ ಉಗರಗೋಳದ ಪಾಲನ್ನು ಬೇರೆ ಊರಿಗೆ ಕಳಿಸಿದರು. ತಪ್ಪು ಅವರದಲ್ಲ, ಕೆಳಗೆ ಸಹಿ ನನ್ನದು.

ನಿನ್ನೆ ಸಂಜೆ ಕೃಷ್ಣವ್ವನವರು ನನ್ನನ್ನು ಇದೇ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅರವತ್ತೊಂದು ಮನೆಗಳಲ್ಲಿ ಒಂದು ಮನೆಯ ಸೊಸೆ ಸತ್ಯವ್ವ ಅಲ್ಲಿದ್ದಾರೆ. ಹೆರಿಗೆಯಾಗಿ ಐದು ದಿನ. ಮೂರು ಬಾಟಲಿ ರಕ್ತ ಏರಿಸಿದ್ದಾರೆ, ಅಂಗೈ ಇನ್ನೂ ಸುಣ್ಣ ಬಳಿದ ಹಾಗಿದೆ. ಕೂಸು ಒಂದೂವರೆ ಕಿಲೋ, ಗಾಜಿನ ಪೆಟ್ಟಿಗೆಯಲ್ಲಿದೆ. ಉಳಿಯುತ್ತದೋ ಇಲ್ಲವೋ ಡಾಕ್ಟರೂ ಹೇಳಲಾರರು. ಸತ್ಯವ್ವ ನನ್ನನ್ನು ನೋಡಿ ಸಿಟ್ಟು ಮಾಡಲಿಲ್ಲ. “ಹೆಚ್ಚಾಗ್ಯಾವ ಅಂತ ಎರಡ ಸಲ ಹೇಳಿ ಕಳಿಸಿದ್ವಿ ಅಕ್ಕಾರ. ನಿಮಗ ತಿಳೀಲಿಲ್ಲೇನು?” ಎಂದಷ್ಟೇ ಕೇಳಿದರು.

“ಇಲ್ಲವ್ವಾ, ತಿಳೀಲಿಲ್ಲ” ಎಂದು ಹೇಳಿ ಬಂದೆ.

ಅದು ಸುಳ್ಳು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಆದರೂ ಹೇಳುತ್ತೇನೆ. ನಾನು ಆ ಮೊದಲ ವರದಿ ಕಳಿಸಿದ ವಾರವೇ ನಮ್ಮವ್ವ ಫೋನು ಮಾಡಿದ್ದಳು. ತಂಗಿ ಮೀನಾಗೆ ಆಗ ಏಳು ತಿಂಗಳು, ತವರಿಗೆ ಬಂದಿದ್ದಳು. “ಮೀನಾನ ಗುಳಿಗಿ ಹೆಚ್ಚಾಗ್ಯಾವ, ಲಗೂನ ಕಳಸವಾ” ಎಂದಳು ಅವ್ವ. ಹೆಚ್ಚಾಗಿದ್ದರೆ ಯಾಕೆ ಕಳಿಸಬೇಕು ಎಂದು ನಾನು ಕೇಳಿದೆನೇ? ಇಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಔಷಧಿ ಅಂಗಡಿಗೆ ಹೋದೆ. ಮೂರು ತಿಂಗಳಿಗೆ ಸಾಕಾಗುವಷ್ಟು ಗುಳಿಗೆ ಕಟ್ಟಿಸಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವತ್ತೇ ಕಳಿಸಿದೆ. ನನ್ನ ತಂಗಿಗೆ ಗುಳಿಗೆ ಕಳಿಸಿದೆ, ಅವಳ ಓಣಿಗೆ ವರದಿ ಕಳಿಸಿದೆ. ಮೀನಾನ ಮಗ ಗುಂಡಗಿದ್ದಾನೆ.

ಅಧ್ಯಕ್ಷರೇ, ತಾವು ಆಗಿನಿಂದ ಮೇಜಿನ ಕೆಳಗೆ ಹುಡುಕುತ್ತಿರುವ ಎರಡನೆಯ ವರದಿ, ನಿನ್ನೆ ಐಶ್ವರ್ಯಾ ಮಂಡಿಸಿದ್ದು, ಈಗ ಬಿಡುಗಡೆಯಾಗಬೇಕಿದ್ದದ್ದು, ನನ್ನ ಚೀಲದಲ್ಲಿದೆ. ಅದು ಬಿಡುಗಡೆಯಾಗುವುದಿಲ್ಲ. ಮೊದಲನೆಯದು ತಪ್ಪೆಂದು ಬೆಳಿಗ್ಗೆಯೇ ಬರೆದು, ಸಹಿ ಮಾಡಿ, ಗುಳಿಗೆ ಹಂಚುವವರ ಕೈಗೆ ಕೊಟ್ಟು ಬಂದಿದ್ದೇನೆ. ನನ್ನ ನೌಕರಿಯ ವಿಚಾರ ತಾವು ಊಟವಾದ ಮೇಲೆ ಮಾತಾಡಿಕೊಳ್ಳಬಹುದು.

ವಿದ್ಯಾರ್ಥಿಗಳೇ, ಪ್ರಮಾಣಪತ್ರಗಳಿಗೆ ನಾನಿನ್ನೂ ಸಹಿ ಮಾಡಿಲ್ಲ. ಎರಡೂವರೆಯ ಬಸ್ಸಿಗೆ ಕೃಷ್ಣವ್ವನವರ ಜೊತೆ ಉಗರಗೋಳಕ್ಕೆ ಹೊರಟಿದ್ದೇನೆ, ಬರುವವರು ಬನ್ನಿ. ಪ್ರತಿ ಬಾಗಿಲಲ್ಲಿ ಮೊದಲು ನಾನು ತಪ್ಪಾಯಿತು ಎನ್ನುತ್ತೇನೆ. ಆಮೇಲೆ ನೀವು ಡಬ್ಬಿಯ ಮುಚ್ಚಳ ತೆಗೆದು, ಕಣ್ಣಾರೆ ಕಂಡದ್ದನ್ನು ಬರೆದುಕೊಳ್ಳಿ. ಅರವತ್ತೊಂದನೆಯ ಮನೆ ನಮ್ಮವ್ವನದು. ಅದನ್ನೂ ಬಿಡದೆ ಬರೆಯಿರಿ. ಗುಳಿಗೆ ನಿಜವಾಗಿಯೂ ಮಿಕ್ಕಿರುವುದು ಅದೊಂದೇ ಮನೆಯಲ್ಲಿ.

ಇಷ್ಟು ಹೊತ್ತು ತಡೆದುಕೊಂಡಿದ್ದಕ್ಕೆ ತಮ್ಮೆಲ್ಲರಿಗೂ ವಂದನೆ. ನಮಸ್ಕಾರ.