ಕಳಕಮ್ಮನ ತಲೆಯೊಳಗಿನ ಸದ್ದು

ಇದು ೧೯೪೪ರಲ್ಲಿ ಭಾಗ್ಯನಗರದಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ನಡೆದದ್ದು. ನಾನು ಆಸ್ಪತ್ರೆಯ ಮೇಟ್ರನ್. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ದೆವ್ವ ನಂಬುವವರನ್ನು ಕಂಡರೆ ಈಗಲೂ ಮೂಗು ಮುರಿಯುತ್ತೇನೆ.

ಅಂದು ಹೆರಿಗೆಯೊಂದನ್ನು ಮುಗಿಸಿ, ಹಾಳುಬಾವಿ ದಾಟಿ ಬರುತ್ತಿದ್ದೆ. ಹತ್ತು ಗಂಟೆ ಮೀರಿತ್ತು. ಕತ್ತಲಲ್ಲಿ ಯಾರೋ ಓಡಿಬಂದರು... ಪಕ್ಕದ ಮನೆಯ ಕೊಟ್ರಬಸಪ್ಪ.

"ಬಾಯಾರ, ಕಳಕಮ್ಮ ಮಧ್ಯಾಹ್ನನ ತೀರಿಕೊಂಡಾಳ್ರಿ," ಎಂದು ಪಿಸುಗುಟ್ಟಿದ. "ಆದ್ರ... ಅದು ಇನ್ನೂ ನಿಂತಿಲ್ರಿ."

'ಅದು' ಏನೆಂದು ನನಗೆ ಗೊತ್ತಿತ್ತು. ಅವನ ಹೆಂಡತಿ ಕಳಕಮ್ಮನ ತಲೆಬುರುಡೆಯ ತಳದಲ್ಲಿ, ಕಣ್ಣಿನ ಹಿಂದೆ, ಗಡ್ಡೆ ಬೆಳೆದಿತ್ತು. ಮದ್ರಾಸಿನಲ್ಲಿ ಕೊಯ್ದು ತೆಗೆದರು. ಮನೆಗೆ ಬಂದ ಮೇಲೆ ಕಣ್ಣು ಉಬ್ಬಿತು. ತಲೆಯೊಳಗೆ ಸದ್ದು ಶುರುವಾಯಿತು. ಬುಸ್... ಬುಸ್... ಕಮ್ಮಾರನ ತಿದಿಯಂತೆ, ನಾಡಿ ಬಡಿದಷ್ಟು ಸಲ. ಹತ್ತಿರ ಕೂತವರಿಗೂ ಕೇಳುತ್ತಿತ್ತು. "ಒಳಗೆ ರಕ್ತನಾಳ ಹರಿದಿದೆ, ನಾಳೆಯೇ ಮದ್ರಾಸಿನ ರೈಲು ಹತ್ತಿಸು" ಎಂದಿದ್ದೆ. ಆ ಮಹಾಶಯ ದೆವ್ವದ ಕಾಟವೆಂದು ಮಂತ್ರವಾದಿ ಮುದಿಯಪ್ಪನನ್ನು ಕರೆಸಿದ. ಮುದಿಯಪ್ಪ ಹೆಬ್ಬೆರಳಿನಿಂದ ಅವಳ ಕುತ್ತಿಗೆಯ ನಾಳ ಒತ್ತಿದ. ರಕ್ತ ತಡೆದು ಸದ್ದು ನಿಂತಿತು. ಅಷ್ಟೇ.

"ನೋಡ್ರಿ, ನನ್ನ ಹೆಬ್ಬಟ್ಟಿಗೆ ಅಂಜತೈತಿ!"

ಒಂಬತ್ತು ದಿನ ಆ ಕೊಳಕು ಹೆಬ್ಬೆರಳಿಗೆ ಇಡೀ ಮನೆ ಕೈಮುಗಿಯಿತು. ಹತ್ತನೆಯ ದಿನ, ಅಂದೇ ಮಧ್ಯಾಹ್ನ, ಮೂಗು ಬಾಯಿಗಳಿಂದ ರಕ್ತ ಸುರಿಯಿತು.

ಅವನ ಹಿಂದೆಯೇ ಮನೆಗೆ ಹೋದೆ. ಹೆಣವನ್ನು ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನಾಡಿ ಇರಲಿಲ್ಲ. ಉಸಿರಿರಲಿಲ್ಲ. ಕೈ ಸೆಟೆದು ತಣ್ಣಗಾಗಿತ್ತು. ಹಣೆಯ ಪಕ್ಕ ಸ್ಟೆತಾಸ್ಕೋಪ್ ಇಟ್ಟೆ.

ಬುಸ್... ಬುಸ್...

ಕಳಕಮ್ಮನ ತಾಯಿ ವಿರೂಪಾಕ್ಷಮ್ಮ ನನ್ನ ಸೆರಗು ಹಿಡಿದಳು. "ಜೀವ ಐತೇನ್ರಿ, ಬಾಯಾರ? ಇದ್ರ ನನ್ನ ಮಗಳನ್ನ ಹೂಳಬ್ಯಾಡ್ರಿ..."

ಮುದಿಯಪ್ಪ ಮೂಲೆಯಿಂದ ಹಲ್ಲು ಕಿರಿದ. "ಈಗರೆ ನಂಬತೀರೇನ್ರಿ?"

"ನೀನು ಕೊಂದೆ ಎಂಬುದನ್ನಷ್ಟೇ ನಂಬುತ್ತೇನೆ. ಬಾಯಿ ಮುಚ್ಚು."

ಬೆಳಗಿನವರೆಗೆ ಹೆಣ ಎತ್ತಬಾರದೆಂದೆ. ಗಂಟೆಗೊಮ್ಮೆ ಪರೀಕ್ಷಿಸಿದೆ. ನಾಡಿ ಒಮ್ಮೆಯೂ ಸಿಗಲಿಲ್ಲ. ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಬೆಳಗಾದಾಗ ಆ ತಾಯಿಗೆ ಹೇಳಿದೆ: "ಜೀವವಿಲ್ಲ. ಹೂಳಿ." ಅದು ನಿಜ. ಇಂದಿಗೂ ಅದನ್ನೇ ಹೇಳುತ್ತೇನೆ.

ಕುಣಿಯಲ್ಲಿ ಕೂರಿಸಿದರು. ನಾನು ಅಂಚಿನಲ್ಲಿ ಮೊಣಕಾಲೂರಿ, ಗಡಿಯಾರ ಹಿಡಿದು ಸದ್ದನ್ನು ಎಣಿಸಿದೆ. ನಿಮಿಷಕ್ಕೆ ಎಪ್ಪತ್ತೆರಡು. ಮಣ್ಣು ಸೊಂಟಕ್ಕೆ ಬಂತು... ಎದೆಗೆ ಬಂತು... ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಗುದ್ದಲಿ ಹಿಡಿದಿದ್ದ ಓಬಳೆಪ್ಪನಿಗೂ ಅದು ಕೇಳಿಸಿತು.

ಮಣ್ಣು ಕುತ್ತಿಗೆ ಮುಟ್ಟಿದಾಗ ಸದ್ದು ನಿಂತಿತು.